ಮೆಥನಾಲ್ ಸೆಲ್ ಸೊರಗಿದೆ: ಕ್ಯಾಟಲಿಸ್ಟ್ ನಿಜಕ್ಕೂ ಹೋಗಿದೆಯೇ?

"ಸರ್, ಕ್ಯಾಟಲಿಸ್ಟ್ ಹೋಗೇತ್ರಿ. ಹೊಸಾದು ತರಸಬೇಕು."

ಪ್ರಾಜೆಕ್ಟ್ ಸೀಸನ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಈ ಮಾತು ಕೇಳಿಬರುತ್ತಲೇ ಇರುತ್ತದೆ. ಮೆಥನಾಲ್ ಸೆಲ್ ಎಂದರೆ ಮೆಥನಾಲ್ ಮತ್ತು ಗಾಳಿಯಿಂದ ನೇರವಾಗಿ ಕರೆಂಟ್ ಮಾಡುವ ಇಂಧನ ಕೋಶ, ಕ್ಯಾಟಲಿಸ್ಟ್ ಎಂದರೆ ಅದರೊಳಗಿನ ಕ್ರಿಯೆಯನ್ನು ಚುರುಕುಗೊಳಿಸುವ ಲೋಹ. ಬಹಳ ಸಲ ಈ ಕ್ಯಾಟಲಿಸ್ಟ್ ಎಲ್ಲಿಗೂ ಹೋಗಿರುವುದಿಲ್ಲ. ಮೆಥನಾಲ್ ದ್ರಾವಣ ತೆಳುವಾಗಿರುತ್ತದೆ, ಗುಳ್ಳೆ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಬಳಸಿದ ನೀರು ಸರಿ ಇರುವುದಿಲ್ಲ. ಇವೆಲ್ಲ ಸರಿಹೋಗುವ ಕಾಯಿಲೆಗಳು. ಕ್ಯಾಟಲಿಸ್ಟ್ ನಿಜವಾಗಿ ಹೋದರೆ ಮಾತ್ರ ಮರಳಿ ಬರುವುದಿಲ್ಲ. ಹಾಗೆ ಹೋಗಲು ಸೆಲ್‌ಗೆ ವಯಸ್ಸಾಗಬೇಕೆಂದೂ ಇಲ್ಲ. ಇಂಧನ ನಿಂತ ಮೇಲೂ ಲೋಡ್, ಅಂದರೆ ಸೆಲ್‌ಗೆ ಹಚ್ಚಿದ ದೀಪವೋ ಫ್ಯಾನೋ, ಕರೆಂಟ್ ಎಳೆಯುತ್ತಿದ್ದರೆ ಹೊಸ ಸೆಲ್ಲೂ ಒಂದೇ ಮಧ್ಯಾಹ್ನದಲ್ಲಿ ಹಾಳಾಗುತ್ತದೆ.

ಇಲ್ಲಿ ಬರೆದಿರುವುದು ಲ್ಯಾಬಿನಲ್ಲಿ ಜೋಡಿಸಿದ ಒಂಟಿ ಸೆಲ್, ಡೆಮೊ ಕಿಟ್ ಮತ್ತು ಸಣ್ಣ ಸ್ಟ್ಯಾಕ್‌ಗಳಿಗೆ (ಸರಣಿಯಲ್ಲಿ ಜೋಡಿಸಿದ ಹಲವು ಸೆಲ್‌ಗಳು). ಮೊಹರು ಮಾಡಿದ ಕಾರ್ಟ್ರಿಡ್ಜ್‌ನಿಂದ ನಡೆಯುವ ಕಂಪನಿ ಯಂತ್ರಗಳನ್ನು ಬಿಚ್ಚಲು ಹೋಗಬೇಡಿ. ಅವಕ್ಕೆ ಹೊರಗಿನ ಮೆಥನಾಲ್ ಸುರಿಯುವುದಂತೂ ಬೇಡವೇ ಬೇಡ.

ಮೊದಲು, ಒಳಗೆ ಇರುವುದು ಏನು

ಸೆಲ್‌ನ ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆಯಂಥ ಮೆಂಬ್ರೇನ್ ಇರುತ್ತದೆ, ಹೆಚ್ಚಾಗಿ ನೇಫಿಯಾನ್. ಅದರ ಒಂದು ಮಗ್ಗುಲಿಗೆ ಮೆಥನಾಲ್ ಬರುವ ಆನೋಡ್, ಇನ್ನೊಂದು ಮಗ್ಗುಲಿಗೆ ಗಾಳಿ ಬರುವ ಕ್ಯಾಥೋಡ್. ಎರಡೂ ಕಡೆ ಇಂಗಾಲದ ಪುಡಿಯ ಮೇಲೆ ಕೂತ ಲೋಹದ ಅತಿ ಸಣ್ಣ ಕಣಗಳು. ಕ್ಯಾಥೋಡ್‌ನಲ್ಲಿ ಪ್ಲಾಟಿನಂ, ಆನೋಡ್‌ನಲ್ಲಿ ಪ್ಲಾಟಿನಂ ಜೊತೆ ರುಥೇನಿಯಂ.

ರುಥೇನಿಯಂ ಯಾಕೆ ಬೇಕು? ಮೆಥನಾಲ್ ಒಡೆಯುವಾಗ ನಡುವೆ ಕಾರ್ಬನ್ ಮೊನಾಕ್ಸೈಡ್ ಹುಟ್ಟಿ ಪ್ಲಾಟಿನಂಗೆ ಅಂಟಿಕೊಳ್ಳುತ್ತದೆ, ಬಿಡುವುದಿಲ್ಲ. ಪಕ್ಕದಲ್ಲಿರುವ ರುಥೇನಿಯಂ ನೀರಿನಿಂದ ಆಮ್ಲಜನಕದ ಅಂಶ ಹಿಡಿದು ಕೊಟ್ಟು ಅದನ್ನು ಕಾರ್ಬನ್ ಡೈಆಕ್ಸೈಡ್ ಮಾಡಿ ಕಳಿಸುತ್ತದೆ. ಹೀಗಾಗಿ ರುಥೇನಿಯಂ ಹೋಯಿತೆಂದರೆ ಪ್ಲಾಟಿನಂ ಇದ್ದೂ ಇಲ್ಲದಂತೆ.

ಕ್ಯಾಟಲಿಸ್ಟ್ ನಷ್ಟ ಅಂತ ನಾವು ಕರೆಯುವುದರಲ್ಲಿ ಹಲವು ಸಂಗತಿ ಸೇರಿವೆ. ರುಥೇನಿಯಂ ಕರಗಿ ಮೆಂಬ್ರೇನ್ ದಾಟಿ ಕ್ಯಾಥೋಡ್ ಮೇಲೆ ಕೂರುವುದು, ಸಣ್ಣ ಕಣಗಳು ಒಂದಕ್ಕೊಂದು ಸೇರಿ ದಪ್ಪಗಾಗುವುದು, ಕೆಳಗಿನ ಇಂಗಾಲವೇ ಸವೆದು ಕಣಗಳು ಉದುರುವುದು, ಕ್ಯಾಟಲಿಸ್ಟ್ ಲೇಯರ್ ಮೆಂಬ್ರೇನ್‌ನಿಂದ ಎದ್ದು ಬರುವುದು. ಇವು ಶಾಶ್ವತ. ಪ್ಲಾಟಿನಂ ಮೇಲೆ ಆಕ್ಸೈಡ್ ಕೂರುವುದು, ನೀರು ತುಂಬಿಕೊಳ್ಳುವುದು, ಗುಳ್ಳೆ ಅಡ್ಡಬರುವುದು, ಗಾಳಿಯ ಕೆಲವು ಕಲ್ಮಶ ಅಂಟುವುದು ಬಹುಮಟ್ಟಿಗೆ ತಾತ್ಕಾಲಿಕ. ಮೀಟರಿನ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ, ಕುಸಿದ ವೋಲ್ಟೇಜ್ ಅಷ್ಟೇ. ಯಾವುದು ಯಾವುದೆಂದು ಬೇರೆ ಮಾಡುವುದೇ ಇಲ್ಲಿನ ಕೆಲಸ.

ಕೈ ಹಾಕುವ ಮುನ್ನ

ಮೆಥನಾಲ್ ವಿಷ. 10 ಮಿಲಿಲೀಟರಿನಷ್ಟು ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, 30 ಮಿಲಿಲೀಟರಿಗೆ ಪ್ರಾಣವೇ ಹೋಗಬಹುದು. ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ತೆಳು ನೈಟ್ರೈಲ್ ಗ್ಲೌಸ್ ಸ್ವಲ್ಪ ಹೊತ್ತು ಮಾತ್ರ ತಡೆಯುತ್ತದೆ, ಮೇಲೆ ಚೆಲ್ಲಿದರೆ ಕೂಡಲೇ ಬದಲಿಸಿ. ಪೈಪನ್ನು ಬಾಯಿಂದ ಎಳೆದು ದ್ರಾವಣ ತುಂಬುವ ರೂಢಿ ಕೆಲವರಿಗಿದೆ. ಅದನ್ನು ಇವತ್ತೇ ಬಿಡಿ, ಸಿರಿಂಜ್ ಬಳಸಿ. ಕುಡಿಯುವ ನೀರಿನ ಬಾಟಲಿಯಲ್ಲಿ ದ್ರಾವಣ ಇಡಬೇಡಿ, ಅದು ನೋಡಲು ಥೇಟ್ ನೀರೇ.

ಯಾರಾದರೂ ಕುಡಿದರೆ "ಏನೂ ಆಗಿಲ್ಲಲ್ಲ" ಎಂದು ಕಾಯುತ್ತ ಕೂರಬೇಡಿ. ಲಕ್ಷಣಗಳು ಹಲವು ತಾಸು, ಕೆಲವೊಮ್ಮೆ ಒಂದು ದಿನ ಬಿಟ್ಟು ಕಾಣಿಸುತ್ತವೆ. ವಾಂತಿ ಮಾಡಿಸದೆ 108ಕ್ಕೆ ಕರೆ ಮಾಡಿ, ಬಾಟಲಿಯ ಲೇಬಲ್ ಸಮೇತ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಹುಬ್ಬಳ್ಳಿಯಲ್ಲಾದರೆ ಕಿಮ್ಸ್ ಎಂದೇ ಜನ ಕರೆಯುವ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಗದಗ ಹಾವೇರಿಯಲ್ಲಾದರೆ ಜಿಲ್ಲಾ ಮಟ್ಟದ ಸರಕಾರಿ ಆಸ್ಪತ್ರೆ.

ಶುದ್ಧ ಮೆಥನಾಲ್‌ನ ಫ್ಲ್ಯಾಶ್ ಪಾಯಿಂಟ್ ಸುಮಾರು 11 ಡಿಗ್ರಿ. ಅಂದರೆ ನಮ್ಮ ಊರುಗಳಲ್ಲಿ ವರ್ಷದ ಬಹುತೇಕ ಎಲ್ಲ ಹೊತ್ತಿನಲ್ಲೂ ಅದರ ಆವಿ ಕಿಡಿ ಸೋಕಿದರೆ ಹೊತ್ತಿಕೊಳ್ಳುವ ಸ್ಥಿತಿಯಲ್ಲೇ ಇರುತ್ತದೆ. ಹಗಲು ಬೆಳಕಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಕಷ್ಟ. ಸೆಲ್‌ಗೆ ಹಾಕುವ ತೆಳು ದ್ರಾವಣಕ್ಕೆ ಅಷ್ಟು ಭಯವಿಲ್ಲ, ಭಯ ಇರುವುದು ದೊಡ್ಡ ಬಾಟಲಿಯಲ್ಲಿ. ಬೆರೆಸುವ ಕೆಲಸ ಆವಿಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್ ಒಳಗೆ ಆಗಲಿ. ಪಕ್ಕದಲ್ಲಿ ಸೋಲ್ಡರಿಂಗ್ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಕಾಯಿರಿ.

ಲೋಡ್ ಹಾಕುವ ಮುಂಚೆಯೇ ವೋಲ್ಟೇಜ್ ಕಡಿಮೆ

ಪುಸ್ತಕದ ಲೆಕ್ಕದಲ್ಲಿ ಒಂದು ಸೆಲ್‌ಗೆ ಸುಮಾರು 1.2 ವೋಲ್ಟ್ ಬರಬೇಕು. ಬರುವುದಿಲ್ಲ. ಆರೋಗ್ಯವಾಗಿರುವ ಸೆಲ್ ಕೂಡ ಲೋಡ್ ಇಲ್ಲದಾಗ 0.6ರಿಂದ 0.8ರ ನಡುವೆ ತೋರಿಸುತ್ತದೆ. ಮೆಥನಾಲ್ ಮೆಂಬ್ರೇನ್ ಮೂಲಕ ಜಿನುಗಿ ಕ್ಯಾಥೋಡ್ ಕಡೆಗೆ ಹೋಗಿ ಅಲ್ಲೇ ಉರಿಯುವುದರಿಂದ ಹೀಗೆ. 0.65 ನೋಡಿ ಗಾಬರಿಯಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ.

0.5ಕ್ಕಿಂತ ಕೆಳಗಿದ್ದರೆ ದ್ರಾವಣ ಪರೀಕ್ಷಿಸಿ. 1 ಮೋಲಾರ್ ಎಂದರೆ 40.5 ಮಿಲಿಲೀಟರ್ ಶುದ್ಧ ಮೆಥನಾಲ್‌ಗೆ ನೀರು ಸೇರಿಸಿ ಒಟ್ಟು 1 ಲೀಟರ್ ಮಾಡಿದ್ದು. ಪಂಪ್ ಇರುವ ಸೆಲ್‌ಗೆ ಅರ್ಧದಿಂದ 2 ಮೋಲಾರ್ ಸಾಕು. "ಜಾಸ್ತಿ ಹಾಕಿದ್ರ ಜಾಸ್ತಿ ಕರೆಂಟ್ ಬರತೈತಿ" ಎಂದು ದಪ್ಪ ದ್ರಾವಣ ಸುರಿದರೆ ಆಗುವುದು ತದ್ವಿರುದ್ಧ. ಜಿನುಗುವುದು ಹೆಚ್ಚುತ್ತದೆ, ಕ್ಯಾಥೋಡ್ ಸೋಲುತ್ತದೆ, ವೋಲ್ಟೇಜ್ ಇಳಿಯುತ್ತದೆ. ಅದರ ಜೊತೆಗೆ ಮೆಂಬ್ರೇನ್ ಉಬ್ಬಿ, ಕಣಗಳನ್ನು ಹಿಡಿದಿಟ್ಟ ಅಂಟು ಸಡಿಲಾಗಿ, ಶಾಶ್ವತ ನಷ್ಟಕ್ಕೂ ದಾರಿಯಾಗುತ್ತದೆ.

ದ್ರಾವಣದ ಗಾಢತೆ ನೋಡಲು ದುಬಾರಿ ಸೆನ್ಸರ್ ಬೇಕಿಲ್ಲ. 100 ಮಿಲಿಲೀಟರಿನ ವಾಲ್ಯೂಮೆಟ್ರಿಕ್ ಫ್ಲಾಸ್ಕ್ ಮತ್ತು ಗ್ರಾಂನ ನೂರನೇ ಭಾಗದವರೆಗೆ ತೋರಿಸುವ ತಕ್ಕಡಿ ಇದ್ದರೆ ಸಾಕು. ಒಂದೇ ತಾಪಮಾನದಲ್ಲಿ ಗುರುತಿನವರೆಗೆ ಬರೀ ನೀರು ತುಂಬಿ ತೂಗಿ, ಆಮೇಲೆ ದ್ರಾವಣ ತುಂಬಿ ತೂಗಿ. 1 ಮೋಲಾರ್ ದ್ರಾವಣ ನೀರಿಗಿಂತ ಅರ್ಧ ಗ್ರಾಂ ಆಸುಪಾಸು ಹಗುರ. ವ್ಯತ್ಯಾಸವೇ ಕಾಣದಿದ್ದರೆ ನಿಮ್ಮ ಕ್ಯಾನ್‌ನಲ್ಲಿ ಉಳಿದಿರುವುದು ನೀರು. ಮುಚ್ಚಳ ತೆರೆದಿಟ್ಟ ಕ್ಯಾನ್‌ನಿಂದ ಏಪ್ರಿಲ್ ಬಿಸಿಲಿಗೆ ಮೆಥನಾಲ್ ಆವಿಯಾಗಿ ಹೋಗುವುದು ಸಾಮಾನ್ಯ. ಹೊರಬಂದ ದ್ರಾವಣವನ್ನೇ ತಿರುಗಿ ಒಳಗೆ ಬಿಡುವ ವ್ಯವಸ್ಥೆಯಲ್ಲಿ ಬೆಳಿಗ್ಗೆ ಹಾಕಿದ್ದು ಸಂಜೆಗೆ ತೆಳ್ಳಗಾಗಿರುತ್ತದೆ.

ಒಂದು ಮಾತು ಸೇರಿಸಬೇಕು. ಹಾರ್ಡ್‌ವೇರ್ ಅಂಗಡಿಯ ಥಿನ್ನರ್, ಡಿನೇಚರ್ಡ್ ಸ್ಪಿರಿಟ್, ಪಾಲಿಶ್‌ಗೆ ಬಳಸುವ ಸ್ಪಿರಿಟ್ ಇವು ಮೆಥನಾಲ್‌ಗೆ ಬದಲಿಯಲ್ಲ. ಅವುಗಳಲ್ಲಿ ಬೆರೆಸಿದ ಇತರ ರಾಸಾಯನಿಕಗಳು ಪ್ಲಾಟಿನಂ ಮೇಲೆ ಕೂರುತ್ತವೆ. ಕಾಲೇಜಿನ ಕೆಮಿಸ್ಟ್ರಿ ವಿಭಾಗದ ಮೂಲಕ ಲ್ಯಾಬ್ ದರ್ಜೆಯದನ್ನೇ ತರಿಸಿ.

ದ್ರಾವಣ ಸರಿಯಿದ್ದೂ ವೋಲ್ಟೇಜ್ ಏರದಿದ್ದರೆ ಬೋಲ್ಟ್‌ಗಳ ಬಿಗಿತ ನೋಡಿ, ಎರಡು ಪ್ಲೇಟ್ ನಡುವೆ ಎಲ್ಲಾದರೂ ಶಾರ್ಟ್ ಇದೆಯೇ ನೋಡಿ. ಗಾಳಿ ಹೊರಬರುವ ಬಾಯಲ್ಲಿ ಮೆಥನಾಲ್ ವಾಸನೆ ಗಾಢವಾಗಿದ್ದು ದ್ರಾವಣವೂ ಹನಿಹನಿಯಾಗಿ ಬರುತ್ತಿದ್ದರೆ ಮೆಂಬ್ರೇನ್ ತೂತಾಗಿರುವ ಸಾಧ್ಯತೆ ಇದೆ. ಅಲ್ಲಿಗೆ ನಿಲ್ಲಿಸಿ. ಮೂಗು ಹತ್ತಿರ ಒಯ್ದು ಪರೀಕ್ಷೆ ಮಾಡುವುದು ಬೇಡ. ಫಾರ್ಮಾಲ್ಡಿಹೈಡ್, ಫಾರ್ಮಿಕ್ ಆಮ್ಲದ ಅಂಶವೂ ಅದರಲ್ಲಿ ಇರುತ್ತದೆ.

ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನಕ್ಕೆ ಇಳಿಯಿತು

ಮರುದಿನ ಮತ್ತೆ ಚೆನ್ನಾಗಿ ಶುರುವಾದರೆ ಇದು ಕ್ಯಾಟಲಿಸ್ಟ್ ನಷ್ಟವಲ್ಲ. ಕ್ಯಾಥೋಡ್‌ನ ಪ್ಲಾಟಿನಂ ಮೇಲೆ ತೆಳುವಾದ ಆಕ್ಸೈಡ್ ಪದರ ಕೂರುತ್ತದೆ. ರಾತ್ರಿ ಸೆಲ್ ಸುಮ್ಮನಿದ್ದಾಗ ಅದು ಬಿಡುತ್ತದೆ. ರಾತ್ರಿಯವರೆಗೆ ಕಾಯದೆ ಬಿಡಿಸುವ ಉಪಾಯವೂ ಇದೆ. ಮೆಥನಾಲ್ ಹರಿವು ಹಾಗೇ ಇರಲಿ, ಸಣ್ಣ ಲೋಡ್ ಇರಲಿ, ಗಾಳಿಯನ್ನು ಮಾತ್ರ ಅರ್ಧ ನಿಮಿಷದಷ್ಟು ತಡೆಯಿರಿ. ವೋಲ್ಟೇಜ್ ಬಹುತೇಕ ಸೊನ್ನೆಗೆ ಇಳಿಯುತ್ತದೆ, ಗಾಳಿ ಬಿಟ್ಟ ಕೂಡಲೇ ಮೊದಲಿಗಿಂತ ಮೇಲೆ ಬಂದು ನಿಲ್ಲುತ್ತದೆ. ಒಂಟಿ ಸೆಲ್‌ನಲ್ಲಿ ಮಾತ್ರ ಕೈಯಾರೆ ಮಾಡಿ. ಸ್ಟ್ಯಾಕ್‌ನಲ್ಲಿ ಯಾವ ಸೆಲ್ ಎಷ್ಟು ಇಳಿಯಿತೆಂದು ಪ್ರತ್ಯೇಕವಾಗಿ ನೋಡದೆ ಮಾಡಬೇಡಿ.

ಇಲ್ಲಿ ತಲೆಕೆಳಗಾಗಿ ಅರ್ಥ ಮಾಡಿಕೊಳ್ಳುವವರಿದ್ದಾರೆ. ತಡೆಯಬೇಕಾದದ್ದು ಗಾಳಿ, ಇಂಧನವಲ್ಲ. ಇಂಧನ ತಡೆದರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ. ಹಾಗೆಯೇ ಹೊರಗಿನ ಪವರ್ ಸಪ್ಲೈ ಹಚ್ಚಿ ಆನೋಡ್‌ನ ವೋಲ್ಟೇಜ್ ಏರಿಸಿ "ಕಾರ್ಬನ್ ಮೊನಾಕ್ಸೈಡ್ ಸುಟ್ಟು ತೆಗೆಯುವ" ಕೈಚಳಕಕ್ಕೂ ಹೋಗಬೇಡಿ. ಮೊನಾಕ್ಸೈಡ್ ಹೋಗುತ್ತದೆ, ಜೊತೆಗೆ ರುಥೇನಿಯಂ ಕೂಡ.

ಬರೀ ಚಳಿಗೂ ಸೆಲ್ ಸೊರಗುತ್ತದೆ. ಮೆಥನಾಲ್ ಒಡೆಯುವ ಕ್ರಿಯೆ ಕೋಣೆಯ ತಾಪಮಾನದಲ್ಲಿ ಬಲು ನಿಧಾನ, 60 ಡಿಗ್ರಿಯಲ್ಲಿ ಚುರುಕು. ಜನವರಿಯ ಬೆಳಿಗ್ಗೆ ಬರೆದ ಅಂಕಿಯನ್ನು ಏಪ್ರಿಲ್ ಮಧ್ಯಾಹ್ನದ ಅಂಕಿಗೆ ಹೋಲಿಸಿ ತೀರ್ಮಾನ ಮಾಡಬಾರದು.

ಮುಳ್ಳು ನಿಲ್ಲುತ್ತಿಲ್ಲ, ಏರುತ್ತ ಇಳಿಯುತ್ತ ಇದೆ

ಆನೋಡ್ ಕಡೆ ಕಾರ್ಬನ್ ಡೈಆಕ್ಸೈಡ್ ಗುಳ್ಳೆಗಳು, ಕ್ಯಾಥೋಡ್ ಕಡೆ ನೀರಿನ ಹನಿಗಳು. ಎರಡರಲ್ಲಿ ಒಂದು ದಾರಿ ಕಟ್ಟಿರುತ್ತದೆ. ಸೆಲ್ ನಿಂತ ಭಂಗಿ ನೋಡಿ. ದ್ರಾವಣ ಕೆಳಗಿನಿಂದ ಬಂದು ಮೇಲಿನಿಂದ ಹೋಗಬೇಕು, ಆಗ ಗುಳ್ಳೆ ತಾನಾಗಿ ಏರಿ ಹೋಗುತ್ತದೆ. ಪಂಪ್ ವೇಗ ಸ್ವಲ್ಪ ಹೆಚ್ಚಿಸಿದಾಗ ಸರಿಹೋದರೆ ಗುಳ್ಳೆ, ಗಾಳಿ ಹೆಚ್ಚಿಸಿದಾಗ ಸರಿಹೋದರೆ ನೀರು. ಇದಕ್ಕಿಂತ ಹೆಚ್ಚಿಗೆ ಯೋಚಿಸುವ ಅಗತ್ಯ ಇಲ್ಲ. ಆದರೆ ಗುಳ್ಳೆ ಬಹಳ ಹೊತ್ತು ಕೂತರೆ ಅಷ್ಟು ಜಾಗಕ್ಕೆ ಮೆಥನಾಲ್ ತಲುಪುವುದಿಲ್ಲ, ಮುಂದಿನ ಕಾಯಿಲೆ ಅಲ್ಲೇ ಶುರುವಾಗುತ್ತದೆ.

ಸ್ಟ್ಯಾಕ್‌ನಲ್ಲಿ ಒಂದೇ ಸೆಲ್ ಕುಸಿದಿದೆ, ಅಥವಾ ಮೈನಸ್ ತೋರಿಸುತ್ತಿದೆ

ಮೈನಸ್ ಕಂಡ ತಕ್ಷಣ ಲೋಡ್ ಕಿತ್ತುಹಾಕಿ. ಓದುವುದು ಆಮೇಲೆ.

ಸರಣಿಯಲ್ಲಿ ಜೋಡಿಸಿದ ಸೆಲ್‌ಗಳಲ್ಲಿ ಎಲ್ಲದರ ಮೂಲಕವೂ ಒಂದೇ ಕರೆಂಟ್ ಹಾಯಬೇಕು. ಒಂದಕ್ಕೆ ಮೆಥನಾಲ್ ಸಿಗಲಿಲ್ಲ ಅನ್ನಿ. ಉಳಿದ ಸೆಲ್‌ಗಳು ಅದರ ಮೂಲಕ ಕರೆಂಟನ್ನು ಬಲವಂತವಾಗಿ ದೂಡುತ್ತವೆ. ಆನೋಡ್‌ನಲ್ಲಿ ಒಡೆಯಲು ಮೆಥನಾಲ್ ಇಲ್ಲ, ಆದರೂ ಎಲೆಕ್ಟ್ರಾನ್ ಕೊಡಲೇಬೇಕು. ಆಗ ಆನೋಡ್‌ನ ವೋಲ್ಟೇಜ್ ಏರುತ್ತ ಹೋಗುತ್ತದೆ, ರುಥೇನಿಯಂ ಕರಗತೊಡಗುತ್ತದೆ. ಇನ್ನೂ ಏರಿದರೆ ನೀರು ಒಡೆಯುತ್ತದೆ, ಕೊನೆಗೆ ಕೆಳಗಿನ ಇಂಗಾಲವೇ ಕಾರ್ಬನ್ ಡೈಆಕ್ಸೈಡ್ ಆಗಿ ಉರಿದುಹೋಗುತ್ತದೆ. ಅಡಿಪಾಯ ಹೋದ ಮೇಲೆ ಮೇಲಿನ ಪ್ಲಾಟಿನಂ ನಿಲ್ಲುವುದೆಲ್ಲಿ?

ಕರಗಿದ ರುಥೇನಿಯಂ ನೀರಿನ ಜೊತೆ ಹರಿದು ಹೋದರೆ ಒಂದು ನಷ್ಟ. ಅದರಲ್ಲಿ ಸ್ವಲ್ಪ ಪಾಲು ಮೆಂಬ್ರೇನ್ ದಾಟಿ ಕ್ಯಾಥೋಡ್‌ನ ಪ್ಲಾಟಿನಂ ಮೇಲೆ ಕೂರುತ್ತದೆ. ಅಲ್ಲಿ ಆಮ್ಲಜನಕದ ಕ್ರಿಯೆಯನ್ನು ಕುಗ್ಗಿಸುತ್ತದೆ, ಜಿನುಗಿ ಬಂದ ಮೆಥನಾಲನ್ನು ತಾಳಿಕೊಳ್ಳುವ ಶಕ್ತಿಯನ್ನೂ ಕಡಿಮೆ ಮಾಡುತ್ತದೆ. ಒಂದೇ ಘಟನೆಯಿಂದ ಎರಡೂ ಎಲೆಕ್ಟ್ರೋಡ್ ಪೆಟ್ಟು ತಿನ್ನುತ್ತವೆ.

ನಮ್ಮ ಕಡೆ ಇದು ಹೆಚ್ಚಾಗಿ ಆಗುವುದು ಕರೆಂಟ್ ಹೋದಾಗ. ಪಂಪ್ ಗೋಡೆಯ ಪ್ಲಗ್‌ನ ಅಡಾಪ್ಟರ್‌ನಿಂದ ನಡೆಯುತ್ತಿರುತ್ತದೆ, ಸ್ಟ್ಯಾಕ್‌ಗೆ ಎಲ್‌ಇಡಿ ಪಟ್ಟಿ ಹಚ್ಚಿರುತ್ತಾರೆ. ಕರೆಂಟ್ ಹೋಗುತ್ತದೆ, ಪಂಪ್ ನಿಲ್ಲುತ್ತದೆ, ಒಳಗೆ ಉಳಿದ ಮೆಥನಾಲ್‌ನಿಂದ ಎಲ್‌ಇಡಿ ಉರಿಯುತ್ತಲೇ ಇರುತ್ತದೆ. "ನೋಡ್ರಿ ಸರ್, ಇಡೀ ಬಿಲ್ಡಿಂಗ್ ಕತ್ತಲಾಗೇತಿ, ನಮ್ಮ ಲೈಟ್ ಮಾತ್ರ ಐತಿ!" ಎಂದು ಹುಡುಗರು ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಾರೆ. ಬೆಳಕು ನಿಧಾನಕ್ಕೆ ಮಂಕಾಗಿ ಸಣ್ಣಗಾಗುವ ಆ ಕೆಲವು ನಿಮಿಷಗಳಲ್ಲೇ ತುದಿಯ ಸೆಲ್‌ಗಳ ಆನೋಡ್ ಹೋಗುತ್ತಿರುತ್ತದೆ. ಒಂಟಿ ಸೆಲ್ ಮೈನಸ್‌ಗೆ ಹೋಗದಿದ್ದರೂ ಇಂಧನ ಮುಗಿದಾಗ ಅದರ ಆನೋಡ್ ವೋಲ್ಟೇಜ್ ಕ್ಯಾಥೋಡ್‌ನ ಮಟ್ಟಕ್ಕೆ ಏರುತ್ತದೆ, ರುಥೇನಿಯಂ ಕರಗಲು ಅಷ್ಟು ಸಾಕು.

ಆದ್ದರಿಂದ ನಿಲ್ಲಿಸುವ ಕ್ರಮವನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ: ಮೊದಲು ಲೋಡ್ ತೆಗೆ, ಆಮೇಲೆ ಪಂಪ್ ನಿಲ್ಲಿಸು. ಶುರು ಮಾಡುವಾಗ ಮೊದಲು ಪಂಪ್, ಎಲ್ಲ ಸೆಲ್‌ಗಳಲ್ಲೂ ವೋಲ್ಟೇಜ್ ಬಂದ ಮೇಲೆ ಲೋಡ್. ಮನುಷ್ಯರನ್ನು ನಂಬುವುದಕ್ಕಿಂತ ಒಂದು ರಿಲೇ ಹಾಕುವುದು ಲೇಸು. ಪಂಪ್‌ಗೆ ಹೋಗುವ ಸಪ್ಲೈಯಿಂದಲೇ ರಿಲೇ ಕಾಯಿಲ್ ನಡೆಯಲಿ, ಲೋಡ್‌ನ ವೈರ್ ಅದರ ನಾರ್ಮಲಿ ಓಪನ್ ಕಾಂಟ್ಯಾಕ್ಟ್ ಮೂಲಕ ಹೋಗಲಿ. ಪಂಪ್‌ಗೆ ಕರೆಂಟ್ ಹೋದ ಕ್ಷಣ ಲೋಡ್ ತಾನಾಗಿ ಕಡಿದುಕೊಳ್ಳುತ್ತದೆ. ಹೊಸ ಎಲೆಕ್ಟ್ರೋಡ್‌ನ ಬೆಲೆಗೆ ಹೋಲಿಸಿದರೆ ಇದು ಚಹಾದ ಖರ್ಚು.

ಆದರೆ ಪಂಪ್ ತಿರುಗುತ್ತಿದ್ದೂ ದ್ರಾವಣ ಬರದೇ ಇರಬಹುದು. ಕ್ಯಾನ್ ಬರಿದಾಗಿರಬಹುದು, ಪೆರಿಸ್ಟಾಲ್ಟಿಕ್ ಪಂಪಿನ ಟ್ಯೂಬ್ ರೋಲರ್ ಕೆಳಗೆ ಚಪ್ಪಟೆಯಾಗಿರಬಹುದು. ಹೊರಬರುವ ದ್ರಾವಣವನ್ನು 10 ನಿಮಿಷ ಅಳತೆಯ ಸಿಲಿಂಡರಿನಲ್ಲಿ ಹಿಡಿದು ನೋಡಿ. ಎಷ್ಟು ಬರಬೇಕು? 25 ಚದರ ಸೆಂಟಿಮೀಟರಿನ ಸೆಲ್‌ನಿಂದ ಪ್ರತಿ ಚದರ ಸೆಂಟಿಮೀಟರಿಗೆ 100 ಮಿಲಿಆಂಪ್‌ನಂತೆ 2.5 ಆಂಪ್ ಎಳೆಯುತ್ತಿದ್ದೀರಿ ಅಂದುಕೊಳ್ಳಿ. ಒಂದು ಮೆಥನಾಲ್ ಅಣು 6 ಎಲೆಕ್ಟ್ರಾನ್ ಕೊಡುತ್ತದೆ. ಆ ಲೆಕ್ಕದಲ್ಲಿ 1 ಮೋಲಾರ್ ದ್ರಾವಣ ನಿಮಿಷಕ್ಕೆ 0.26 ಮಿಲಿಲೀಟರ್ ಖರ್ಚಾಗುತ್ತದೆ. ಇದು ಬರೀ ಕಾಗದದ ಮೇಲಿನ ಕನಿಷ್ಠ. ಜಿನುಗಿ ಹೋಗುವುದು, ಗುಳ್ಳೆ ತಳ್ಳುವುದು, ಮೂಲೆಮೂಲೆಗೆ ತಲುಪುವುದು ಸೇರಿ ಇದರ 5ರಿಂದ 10 ಪಟ್ಟು ಹರಿಸಬೇಕು. ಒಂದು ಸೆಲ್‌ಗೆ ನಿಮಿಷಕ್ಕೆ 1.3ರಿಂದ 2.6 ಮಿಲಿಲೀಟರ್. 5 ಸೆಲ್‌ನ ಸ್ಟ್ಯಾಕ್‌ಗೆ ಅದರ 5 ಪಟ್ಟು. ಒಂಟಿ ಸೆಲ್‌ಗೆ ಹೊಂದಿಸಿದ ಪಂಪ್ ವೇಗದಲ್ಲೇ ಸ್ಟ್ಯಾಕ್ ನಡೆಸುವವರು ಈ ಗುಣಾಕಾರ ಮರೆತಿರುತ್ತಾರೆ.

ಪ್ರತಿ ಸೆಲ್‌ಗೂ ಒಂದು ಸಣ್ಣ ವೈರ್ ಹೊರತೆಗೆದು ಬಿಡಿ, ಮಲ್ಟಿಮೀಟರಿನಿಂದ ಒಂದೊಂದನ್ನೇ ನೋಡಬಹುದು. ಒಟ್ಟು ವೋಲ್ಟೇಜ್ ಮಾತ್ರ ನೋಡುವವರಿಗೆ ಒಂದು ಸೆಲ್ ಮಣ್ಣುಪಾಲಾಗಿದ್ದೂ ಗೊತ್ತಾಗುವುದಿಲ್ಲ. ಯಾವುದೇ ಸೆಲ್ 0.2 ವೋಲ್ಟ್‌ಗಿಂತ ಕೆಳಗೆ ಇಳಿಯಿತೆಂದರೆ ಲೋಡ್ ಕಡಿಮೆ ಮಾಡುವ ರೂಢಿ ಇಟ್ಟುಕೊಳ್ಳಿ. ಕುಸಿದ ಸೆಲ್ ಹೊಸ ದ್ರಾವಣ ಮತ್ತು ಜೋರು ಹರಿವಿಗೆ ಮೇಲೆ ಬಂದರೆ ಬಚಾವ್. ಬಾರದಿದ್ದರೆ ಅದನ್ನು ಸ್ಟ್ಯಾಕ್‌ನಿಂದ ಹೊರಗಿಡಿ. ಅದೊಂದರ ಸಲುವಾಗಿ ಉಳಿದವನ್ನು ಹಿಂಡಬೇಡಿ.

ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತಿದೆ, ವಿಶ್ರಾಂತಿ ಕೊಟ್ಟರೂ ಏರುತ್ತಿಲ್ಲ

ಮೊದಲ ಅನುಮಾನ ನೀರಿನ ಮೇಲೆ. ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ಮಲಪ್ರಭಾ ನೀರು ಬರುತ್ತದೆ, ಕ್ಲೋರಿನ್ ಹಾಕಿದ್ದು. ಬಹಳ ಕಡೆ ಕೆಲವು ದಿನಗಳಿಗೊಮ್ಮೆ ಬರುವುದರಿಂದ ಡ್ರಮ್ಮಿನಲ್ಲಿ ಕೂತಿರುತ್ತದೆ. ಗದಗ ಕಡೆಯ ಬೋರ್ ನೀರಿನ ಗಡಸುತನ ಅಲ್ಲಿಯ ಗೀಸರ್ ಕಾಯಿಲ್ ನೋಡಿದವರಿಗೆ ಗೊತ್ತು. ಕ್ಯಾಲ್ಸಿಯಂ, ಸೋಡಿಯಂ, ಕಬ್ಬಿಣ ಇವು ಮೆಂಬ್ರೇನ್‌ನಲ್ಲಿ ಪ್ರೋಟಾನ್ ಓಡಾಡುವ ಜಾಗ ಹಿಡಿದು ಕೂರುತ್ತವೆ. ಕಬ್ಬಿಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೆಂಬ್ರೇನನ್ನೇ ತಿನ್ನುವ ಕ್ರಿಯೆಗೆ ಕುಮ್ಮಕ್ಕು ಕೊಡುತ್ತದೆ. ಕ್ಲೋರೈಡ್ ಇದ್ದರೆ ಪ್ಲಾಟಿನಂ ಕರಗುವುದು ಸುಲಭವಾಗುತ್ತದೆ. ಆರ್‌ಓ ನೀರು ಕುಡಿಯಲು ಚೆಂದ, ಸೆಲ್‌ಗೆ ಸಾಲದು. ಕರಗಿದ ಲವಣದ ಅಂಶ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಕೂಡ ಎಲ್ಲ ಸಲ ಸೊನ್ನೆ ತೋರಿಸುವುದಿಲ್ಲ, ಕ್ಯಾನ್ ಒಡೆದಾಗಲೆಲ್ಲ ಅಳೆಯಿರಿ. ಕಾಲೇಜಿನ ಡಿಐ ಪ್ಲಾಂಟ್ ನೀರು (ಲವಣದ ಅಯಾನುಗಳನ್ನು ತೆಗೆದದ್ದು) ಸಿಕ್ಕರೆ ಅದೇ ಒಳ್ಳೆಯದು.

ಎರಡನೆಯದು ಪೈಪ್. ಸಲೈನ್ ಹಚ್ಚುವ ಪೈಪನ್ನೇ ತಂದು ಜೋಡಿಸುತ್ತಾರೆ, ಅಗ್ಗ ಮತ್ತು ಕೈಗೆ ಸಿಗುತ್ತದೆ. ಅಂಥ ಮೆತ್ತನೆಯ ಪಿವಿಸಿಯಲ್ಲಿ ಬೆರೆಸಿದ ಎಣ್ಣೆಯಂಥ ಪದಾರ್ಥ ಮೆಥನಾಲ್‌ಗೆ ಬಿಟ್ಟುಕೊಂಡು ಕ್ಯಾಟಲಿಸ್ಟ್ ಮೇಲೆ ಹೋಗಿ ಕೂರುತ್ತದೆ. ಟೆಫ್ಲಾನ್ ಬಳಸಿ, ಪಂಪಿನಲ್ಲಿ ಒತ್ತುವ ಭಾಗಕ್ಕೆ ಮಾತ್ರ ಒಳ್ಳೆ ದರ್ಜೆಯ ಸಿಲಿಕೋನ್. ಹಿತ್ತಾಳೆ ತಾಮ್ರದ ಜೋಡಣೆಗಳು ಬೇಡವೇ ಬೇಡ.

ಮೂರನೆಯದು ಗಾಳಿ. ಗಾಳಿ ಎಳೆಯುವ ಬಾಯಿ ಜನರೇಟರ್ ಕೋಣೆಯ ಕಡೆಗೆ ಇದೆಯೇ ನೋಡಿ. ಡೀಸೆಲ್ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್‌ಗಳು ಶುದ್ಧ ಗಾಳಿ ಕೊಟ್ಟರೆ ನಿಧಾನಕ್ಕೆ ಬಿಡುತ್ತವೆ, ಗಂಧಕ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಧೂಳಿನ ಮಾತು ಹುಬ್ಬಳ್ಳಿಯವರಿಗೆ ಹೇಳಬೇಕೇ? ಬಾಯಿಗೆ ಒಂದು ಫಿಲ್ಟರ್ ಹಾಕಿ. ಬ್ಯಾಡಗಿ ಕಡೆ ಮೆಣಸಿನಕಾಯಿ ಹಂಗಾಮಿನಲ್ಲಿ ಸೆಲ್ ನಡೆಸುವವರು ಆ ಫಿಲ್ಟರ್ ಬದಲಿಸುವಾಗ ಕಣ್ಣು ಒರೆಸಿಕೊಳ್ಳದಿರುವುದು ಒಳ್ಳೆಯದು.

ಇಷ್ಟು ನೋಡಿಯೂ ಉತ್ತರ ಸಿಗದಿದ್ದರೆ ಒಳಗಿನ ರೆಸಿಸ್ಟೆನ್ಸ್ ಅಳೆಯಿರಿ. ಲಿಥಿಯಂ ಸೆಲ್ ಪರೀಕ್ಷಿಸುವ, 1 ಕಿಲೋಹರ್ಟ್ಸ್‌ನಲ್ಲಿ ಮಿಲಿಓಮ್ ತೋರಿಸುವ ನಾಲ್ಕು ವೈರಿನ ಮೀಟರ್ ಬ್ಯಾಟರಿ ರಿಪೇರಿ ಮಾಡುವವರ ಹತ್ತಿರ ಇರುತ್ತದೆ, ಒಂದು ದಿನಕ್ಕೆ ಕೇಳಿ ತನ್ನಿ. ಸೆಲ್ ಹೊಸದಿದ್ದಾಗ ಬರೆದಿಟ್ಟ ಅಂಕಿಗಿಂತ ಈಗಿನದು ಗಮನಾರ್ಹವಾಗಿ ಏರಿದ್ದರೆ ತೊಂದರೆ ಮೆಂಬ್ರೇನ್‌ನಲ್ಲಿ ಅಥವಾ ಬೋಲ್ಟ್, ಪ್ಲೇಟ್‌ಗಳ ಸಂಪರ್ಕದಲ್ಲಿ. ಅಂಕಿ ಹಾಗೇ ಇದ್ದು ಲೋಡ್‌ನಲ್ಲಿ ವೋಲ್ಟೇಜ್ ಮಾತ್ರ ಕುಸಿದಿದ್ದರೆ, ಹರಿವೂ ಸರಿಯಿದ್ದರೆ, ಆಗ ಕ್ಯಾಟಲಿಸ್ಟ್ ಮೇಲೆ ಅನುಮಾನ ಪಡುವ ಹಕ್ಕು ನಿಮಗಿದೆ. ಹೊಸದಿದ್ದಾಗಿನ ಅಂಕಿ ಬರೆದಿಟ್ಟಿಲ್ಲವೇ? ಇವತ್ತಿನದನ್ನಾದರೂ ರಿಜಿಸ್ಟರಿನಲ್ಲಿ ಬರೆಯಿರಿ: ತಾಪಮಾನ, ದ್ರಾವಣದ ಗಾಢತೆ, ಹರಿವು, ಲೋಡ್, 15 ನಿಮಿಷದ ನಂತರದ ವೋಲ್ಟೇಜ್.

ಹೊರಬರುವ ದ್ರಾವಣದಲ್ಲಿ ಕಪ್ಪು ಪುಡಿ, ಅಥವಾ ಬಣ್ಣ

ಹೊಸ ಸೆಲ್‌ನಿಂದ ಮೊದಲು ಸ್ವಲ್ಪ ಕಪ್ಪು ಕಣ ಬರುವುದಕ್ಕೆ ತಲೆಕೆಡಿಸಿಕೊಳ್ಳಬೇಡಿ, ಮೇಲೆ ಸಡಿಲವಾಗಿ ಕೂತಿದ್ದು ಬರುತ್ತದೆ. ಆಮೇಲೂ ಬರುತ್ತಿದ್ದರೆ ಫಿಲ್ಟರ್ ಪೇಪರ್ ಮೇಲೆ ಹಾಯಿಸಿ, ಪ್ರತಿ ವಾರದ ಪೇಪರ್ ಮೇಲೆ ತಾರೀಖು ಬರೆದು ಪಕ್ಕಪಕ್ಕದಲ್ಲಿಡಿ. ಕಲೆ ಗಾಢವಾಗುತ್ತ ಹೋದರೆ ಕ್ಯಾಟಲಿಸ್ಟ್ ಲೇಯರ್ ಎದ್ದು ಬರುತ್ತಿದೆ. ದಪ್ಪ ದ್ರಾವಣ, ಪದೇಪದೇ ಒಣಗಿಸಿ ನೆನೆಸಿದ್ದು, ಅತಿಯಾದ ಬಿಸಿ ಇವು ಸಾಮಾನ್ಯ ಕಾರಣ. ತುಕ್ಕಿನ ಬಣ್ಣ ಕಂಡರೆ ಎಲ್ಲೋ ಸ್ಟೀಲ್ ಕರಗುತ್ತಿದೆ, ನೀಲಿ-ಹಸಿರು ಕಂಡರೆ ತಾಮ್ರ. ಎರಡೂ ಸಂದರ್ಭದಲ್ಲಿ ನಡೆಸುವುದನ್ನು ನಿಲ್ಲಿಸಿ ಆ ಭಾಗ ಬದಲಿಸಿ. ಕರಗಿದ ರುಥೇನಿಯಂ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ, ನೀರು ತಿಳಿಯಾಗಿದೆ ಎಂದ ಮಾತ್ರಕ್ಕೆ ಸಮಾಧಾನ ಬೇಡ.

ರಜೆ ಮುಗಿಸಿ ಬಂದರೆ ಸೆಲ್ ಏಳುತ್ತಿಲ್ಲ

ಮೆಥನಾಲ್ ಒಳಗೇ ಬಿಟ್ಟು ಹೋಗಿದ್ದರೆ ಅದು ಜಿನುಗುತ್ತಲೇ ಇರುತ್ತದೆ. ಪೂರ್ತಿ ಒಣಗಲು ಬಿಟ್ಟಿದ್ದರೆ ಮೆಂಬ್ರೇನ್ ಸುಕ್ಕಾಗಿ ಲೇಯರ್ ಬಿರುಕು ಬಿಟ್ಟಿರಬಹುದು. ಡಿಐ ನೀರು ನಿಧಾನಕ್ಕೆ ಹಾಯಿಸಿ ಒಂದು ರಾತ್ರಿ ಬಿಡಿ, ಮರುದಿನ 1 ಮೋಲಾರ್ ದ್ರಾವಣ ಹಾಕಿ ಸಣ್ಣ ಲೋಡ್‌ನಿಂದ ಶುರು ಮಾಡಿ. ಕೆಲವು ತಾಸಿನಲ್ಲಿ ಬಹುಪಾಲು ಮರಳುತ್ತದೆ. ಇನ್ನು ಮುಂದೆ ರಜೆಗೆ ಹೋಗುವ ಮುನ್ನ ಮೆಥನಾಲ್ ಖಾಲಿ ಮಾಡಿ, ಡಿಐ ನೀರಿನಿಂದ ತೊಳೆದು, ಒಳಗೆ ತೇವ ಉಳಿಯುವಂತೆ ಬಾಯಿಗಳನ್ನು ಮುಚ್ಚಿಡಿ.

ಇಲ್ಲಿಂದ ಮುಂದೆ ನಿಮ್ಮ ಕೆಲಸವಲ್ಲ

ರಾತ್ರಿಯ ವಿಶ್ರಾಂತಿ, ಹೊಸ ದ್ರಾವಣ, ಒಳ್ಳೆ ನೀರು, ಸರಿಯಾದ ಹರಿವು, ಗಾಳಿ ತಡೆದು ಬಿಡುವ ಉಪಾಯ ಎಲ್ಲ ಮುಗಿದು, ರೆಸಿಸ್ಟೆನ್ಸ್ ಕೂಡ ಬದಲಾಗದೆ, ವೋಲ್ಟೇಜ್ ಮಾತ್ರ ಕೆಳಗೇ ಇದ್ದರೆ ನಷ್ಟ ಶಾಶ್ವತ ಎಂದು ಹಿಡಿಯಿರಿ. ಎಷ್ಟು ಹೋಗಿದೆ ಎಂದು ತಿಳಿಯಲು ಸೈಕ್ಲಿಕ್ ವೋಲ್ಟಾಮೆಟ್ರಿ, ಕಾರ್ಬನ್ ಮೊನಾಕ್ಸೈಡ್ ಸ್ಟ್ರಿಪ್ಪಿಂಗ್ ಮಾಡಬೇಕು. ಎರಡನೆಯದಕ್ಕೆ ವಿಷಾನಿಲದ ಸಿಲಿಂಡರ್ ಬೇಕು, ಗ್ಯಾಸ್ ಡಿಟೆಕ್ಟರ್ ಮತ್ತು ಹುಡ್ ಇಲ್ಲದ ಲ್ಯಾಬಿನಲ್ಲಿ ಅದರ ಹೆಸರೂ ಎತ್ತಬೇಡಿ. ಮೆಂಬ್ರೇನ್‌ನಲ್ಲಿ ಕೂತ ಕ್ಯಾಲ್ಸಿಯಂ ತೆಗೆಯಲು ಆಮ್ಲದಲ್ಲಿ ಕುದಿಸುವುದೂ ಕೈಪಳಗಿದವರ ಕೆಲಸ.

ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರ ಇದೆ, ಐಐಟಿ ಇದೆ. ಗೈಡ್ ಮೂಲಕ ಪತ್ರ ಬರೆಸಿ, ಯಾವ ಪರೀಕ್ಷೆ ಸಾಧ್ಯ, ಸ್ಯಾಂಪಲ್ ಹೇಗೆ ಕೊಡಬೇಕು ಎಂದು ಮೊದಲೇ ವಿಚಾರಿಸಿ ಹೋಗಿ. ಕೇಳಬೇಕಾದ ಪ್ರಶ್ನೆ ಒಂದೇ: ಕ್ಯಾಥೋಡ್ ಕಡೆ ರುಥೇನಿಯಂ ಇದೆಯೇ? ಕ್ಯಾಥೋಡ್ ಮಾಡುವಾಗ ಅಲ್ಲಿ ಹಾಕಿದ್ದು ಬರೀ ಪ್ಲಾಟಿನಂ. ಎಕ್ಸ್‌ರೇ ಪರೀಕ್ಷೆಯಲ್ಲಿ ರುಥೇನಿಯಂ ಸಿಕ್ಕಿತೆಂದರೆ ಅದು ಆನೋಡ್‌ನಿಂದ ದಾಟಿ ಬಂದದ್ದು. ಗಾಢವಾಗಿ ಸಿಕ್ಕರೆ ಯಾವತ್ತೋ ಇಂಧನವಿಲ್ಲದೆ ಲೋಡ್ ಎಳೆದಿರುವ ಸಾಧ್ಯತೆಯೇ ಹೆಚ್ಚು. ರಿಲೇ ಹಾಕದೆ ಹೊಸ ಎಲೆಕ್ಟ್ರೋಡ್ ತರಿಸಿದರೆ ಅದಕ್ಕೂ ಅದೇ ಗತಿ.

ಸ್ಯಾಂಪಲನ್ನು ಒಣಗಿಸದೆ, ಡಿಐ ನೀರಿನಲ್ಲಿ ತೊಳೆದು, ಜಿಪ್ ಕವರಿನಲ್ಲಿ ಹಾಕಿ ಒಯ್ಯಿರಿ. ಸೆಲ್ ಬಿಚ್ಚುವಾಗಲೇ ಆನೋಡ್ ಬದಿ ಯಾವುದೆಂದು ಗುರುತು ಮಾಡಿಕೊಳ್ಳಿ. ಹೊರಗೆ ತೆಗೆದ ಮೇಲೆ ಎರಡೂ ಬದಿ ಒಂದೇ ಕಪ್ಪು.